ಎಡಕ್ಕೆ ಪೆನ್ನು, ಬಲಕ್ಕೆ ಬ್ಲೇಡು

ಕಳೆದ ಸಲ ನೀವು ಮೊಮ್ಮಕ್ಕಳು ಹಾಸ್ಟೆಲಿನಿಂದ ರಜೆಗೆ ಬಂದಾಗ, ನಿಮ್ಮಿಬ್ಬರಲ್ಲಿ ದೊಡ್ಡವಳು ಮನೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಮನೆಯ ನಕ್ಷೆ ತೆಗೆಯುವ ಸಾಫ್ಟ್‌ವೇರ್ ತೆರೆದಿತ್ತು. ಅದರ ಕೆಳಗಿನ ಮೂಲೆಯಲ್ಲಿ ಒಂದು ಹಲ್ಲಿನ ಚಕ್ರದ ಚಿತ್ರವಿದೆ. ಅದನ್ನು ಒತ್ತಿದರೆ ಒಂದು ಯಾದಿ ಬರುತ್ತದೆ. ಅವಳು ಯಾದಿಯಲ್ಲಿ ಕೊನೆಯದನ್ನು ಒತ್ತಿದಳು. ಪರದೆಯ ಮೇಲಿದ್ದ ಟೂಲ್‌ಬಾರ್ ಪಟ್ಟಿಗಳೆಲ್ಲ ಜಾಗ ಬದಲಿಸಿ ಕುಳಿತವು. "ಆಯಿ, ನಿನ್ನ ಪರದಿ ಯಾಕ ಹಿಂಗೈತಿ?" ಎಂದು ಕೇಳಿದಳು. ಹಂಚಿನ ಮೇಲೆ ರೊಟ್ಟಿ ಇತ್ತು, ಆಮೇಲೆ ಹೇಳುತ್ತೇನೆ ಎಂದೆ. ರಜೆ ಮುಗಿಯಿತು, ಹೇಳಲಿಲ್ಲ. ಬಾಯಿಯಿಂದ ಹೇಳಲು ನನಗೆ ಅಷ್ಟು ಬರುವುದಿಲ್ಲ. ಬರೆದಿಟ್ಟರೆ ನಿಮಗೆ ಬೇಕಾದಾಗ ಓದಿಕೊಳ್ಳುತ್ತೀರಿ.

ನಿಮ್ಮ ಅಜ್ಜ ಮನೆಗಳ ನಕ್ಷೆ ಬರೆಯುತ್ತಿದ್ದರು. ಗೋಕಾಕದ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಮೂಡಲಗಿ, ಹುಕ್ಕೇರಿ ಕಡೆಯಿಂದಲೂ ಮನೆ ಕಟ್ಟಿಸುವವರು ಬರುತ್ತಿದ್ದರು. ಅವರು ಜಾಗ ಅಳೆದುಕೊಂಡು ಬಂದು ಮೊದಲು ಪೆನ್ಸಿಲಿನಲ್ಲಿ ನಕ್ಷೆ ಹಾಕುತ್ತಿದ್ದರು. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಬೇಕು. ಎಣ್ಣೆ ತಾಗಿದ ಕಾಗದದ ಹಾಗೆ ಅದರಲ್ಲಿ ಕೆಳಗಿನ ಗೆರೆ ಕಾಣುತ್ತದೆ. ಕಂಡ ಗೆರೆಯ ಮೇಲೆ ಶಾಯಿಯ ಗೆರೆ ಎಳೆಯಬೇಕು. ಆ ಹಾಳೆಯಿಂದ ನೀಲಿ ಪ್ರತಿಗಳನ್ನು ತೆಗೆಸಿ ಪುರಸಭೆಗೆ ಕೊಡುತ್ತಿದ್ದರು.

ಅವರ ಕೈ ಬೆವರುತ್ತಿತ್ತು. ಬೆವರು ತಾಗಿದ ಕಡೆ ಟ್ರೇಸಿಂಗ್ ಹಾಳೆ ಶಾಯಿ ಹಿಡಿಯುವುದಿಲ್ಲ, ಗೆರೆ ಮುತ್ತಿನ ಹಾಗೆ ಒಡೆದು ನಿಲ್ಲುತ್ತದೆ. ಮದುವೆಯಾದ ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದೇ ಹಾಳೆ ಮೂರು ಸಲ ಕೆಟ್ಟಿತು. ನಾನು ನೀರು ಕೊಡಲು ಹೋದವಳು ಅಲ್ಲೇ ನಿಂತಿದ್ದೆ. "ನೀ ಒಂದ್ ಗೆರಿ ಎಳದ ನೋಡ" ಎಂದರು. ನನ್ನ ಕೈ ಒಣ ಕೈ. ಎಳೆದೆ, ನಿಂತಿತು. ಅಂದಿನಿಂದ ಪೆನ್ಸಿಲ್ ಅವರದು, ಶಾಯಿ ನನ್ನದು ಎಂದಾಯಿತು. ಯಾರೂ ಕೂತು ತೀರ್ಮಾನಿಸಿದ್ದಲ್ಲ. ಸುಮಾರು ಇಪ್ಪತ್ತು ವರ್ಷ ಹಾಗೇ ನಡೆಯಿತು.

ನನ್ನ ತವರು ಮಮದಾಪುರದ ಕಡೆಯ ಒಂದು ಹಳ್ಳಿ. ಏಳನೆಯ ತರಗತಿಯವರೆಗೆ ಊರ ಶಾಲೆಯಲ್ಲಿ ಓದಿದೆ. ಅಕ್ಷರ ಚೆನ್ನಾಗಿವೆ ಎಂದು ಮಾಸ್ತರರು ದಿನದ ತಾರೀಕು, ಹಾಜರಿಯ ಸಂಖ್ಯೆ ಎರಡನ್ನೂ ನನ್ನಿಂದಲೇ ಹಲಗೆಯ ಮೇಲೆ ಬರೆಸುತ್ತಿದ್ದರು. ಅಷ್ಟು ಓದಿದವಳು ನಕ್ಷೆ ಬರೆಯುತ್ತಾಳೆ ಎಂದರೆ ಗಿರಾಕಿಗಳು ಏನು ಅಂದುಕೊಂಡಾರು ಎಂಬ ಅಂಜಿಕೆ ನನಗೇ ಇತ್ತು. ಹೊರಗೆ ಚಪ್ಪಲಿಯ ಸದ್ದಾದರೆ ಪೆನ್ನಿನ ಮುಚ್ಚಳ ಹಾಕಿ ಒಳಗೆ ಹೋಗುತ್ತಿದ್ದೆ. ನಿಮ್ಮ ಅಜ್ಜ ಬಂದು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಬಂದವರು ಹಾಳೆ ನೋಡಿ ಗೆರೆಯನ್ನು ಹೊಗಳುತ್ತಿದ್ದರು. ನಾನು ಚಹಾದ ಕಪ್ಪು ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದೆ. ಹಾಳೆಯ ಕೆಳಗೆ ಬಲ ಮೂಲೆಯಲ್ಲಿ ಚೌಕಗಳಿರುತ್ತವೆ: ಮನೆಯ ಮಾಲೀಕರು, ಅಳತೆ, ಬರೆದವರು. 'ಬರೆದವರು' ಎಂಬಲ್ಲಿ ಅವರ ಹೆಸರು ಇರುತ್ತಿತ್ತು. ಆ ಒಂದು ಚೌಕವನ್ನು ಅವರೇ ತುಂಬುತ್ತಿದ್ದರು. ಅದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಮನೆಯಲ್ಲಿ ಬೇಯಿಸಿದ್ದಕ್ಕೆ ಯಾರೂ ಹೆಸರು ಬರೆಯುವುದಿಲ್ಲವಲ್ಲ.

ಟೇಬಲ್ಲಿನ ಬಗ್ಗೆ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬೀಟೆ ಕಟ್ಟಿಗೆಯ ದೊಡ್ಡ ಟೇಬಲ್. ಎಡಗಡೆ ಪೆನ್ನುಗಳು, ದಪ್ಪದ್ದು, ನಡುವಿನದು, ಸಣ್ಣದು, ಅದೇ ಕ್ರಮದಲ್ಲಿ. ಕೆಳ ಅಂಚಿಗೆ ಅಳತೆಯ ಪಟ್ಟಿ. ಬಲಗಡೆ ಬ್ಲೇಡು, ರಬ್ಬರು, ಒರೆಸುವ ಬಟ್ಟೆ. ಶಾಯಿ ತಪ್ಪಿ ಬಿದ್ದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಮೇಲ್ಗಡೆ ಟ್ರೇಸಿಂಗ್ ಹಾಳೆಯ ಸುರುಳಿ. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಟೇಬಲ್ ಒರೆಸಿ ಎಲ್ಲ ಸಾಲಾಗಿ ಇಡುವುದು ನನ್ನ ಕಸಮುಸುರೆಯ ಕೆಲಸಗಳಲ್ಲಿ ಒಂದಾಗಿತ್ತು. ಬರೆಯುವಾಗ ಕಣ್ಣು ಹಾಳೆಯ ಮೇಲಿದ್ದರೆ ಸಾಕು. ಕೈ ತಾನಾಗಿ ಹೋಗಿ ಬೇಕಾದ್ದನ್ನು ತರುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ನಿಮ್ಮ ಅವ್ವ ಸೊಸೆಯಾಗಿ ಬಂದದ್ದೂ ಆಗಲೇ. ಅವಳು ಸಿವಿಲ್ ಡಿಪ್ಲೊಮಾ ಓದಿದವಳು. ಮಾವನಿಗೆ ಕಲಿಸಲು ನೋಡಿದಳು. ಅವರು ಕೆಲವು ತಿಂಗಳು ಕೂತು, ಕಣ್ಣು ಉರಿಯುತ್ತವೆ ಎಂದು ಎದ್ದುಬಿಟ್ಟರು. ಆಫೀಸು ಸೊಸೆಯ ಕೈಗೆ ಹೋಯಿತು. ಟೇಬಲ್ಲನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದರು. ಪೆನ್ನುಗಳು ಒಂದು ಡಬ್ಬಿಯಲ್ಲಿ ಒಣಗಿದವು. ಕೆಲವು ವರ್ಷಗಳ ನಂತರ ಅವರು ಕಾಯಿಲೆ ಬಿದ್ದು ಎಂಟು ದಿನದಲ್ಲಿ ಹೋದರು.

ಮೂಡಲಗಿ ತಾಲೂಕಾದ ಮೇಲೆ ಅಲ್ಲಿ ಮನೆ ಕಟ್ಟುವವರು ಹೆಚ್ಚಾದರು. ನಿಮ್ಮ ಅವ್ವ ವಾರದಲ್ಲಿ ನಾಲ್ಕು ದಿನ ಮೂಡಲಗಿಗೆ ಹೋಗಿ ಜಾಗ ಅಳೆದು, ಸಂಜೆ ಬಂದು ನಕ್ಷೆ ತೆಗೆಯುತ್ತಿದ್ದಳು. ನಿಮ್ಮಪ್ಪ ಸಂಕೇಶ್ವರದ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವಳು ಇನ್ನೂ ಪರದೆಯ ಮುಂದೆಯೇ ಇರುತ್ತಿದ್ದಳು. ಹಗಲೆಲ್ಲ ಕಂಪ್ಯೂಟರ್ ಖಾಲಿ, ನಾನೂ ಖಾಲಿ. ಒಂದು ಭಾನುವಾರ ನನ್ನನ್ನು ಕೂರಿಸಿ ಮೌಸ್ ಕೈಗೆ ಕೊಟ್ಟಳು. ಗೋಡೆ ಎಳೆಯುವುದು, ಬಾಗಿಲಿಗೆ ಜಾಗ ಕತ್ತರಿಸುವುದು, ಅಳತೆ ಬರೆಯುವುದು, ಇಷ್ಟನ್ನು ನೀವು ಮಾಡಿಟ್ಟರೆ ಉಳಿದದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು. ಇಂಗ್ಲಿಷ್ ಅಕ್ಷರಗಳು ನನಗೆ ಐದನೆಯ ತರಗತಿಯಿಂದ ಗೊತ್ತಿದ್ದವು. ಗೆರೆಗೆ ಯಾವ ಪದ, ಕತ್ತರಿಸಲು ಯಾವ ಪದ ಎಂದು ಓದಿ ಕಲಿತೆ. ಅದು ಕಷ್ಟವಾಗಲಿಲ್ಲ.

ಕಷ್ಟವಾದದ್ದು ಪರದೆ. ನಡುವೆ ಪಾಟಿಯ ಹಾಗೆ ಕಪ್ಪು ಜಾಗ, ಅದರ ಮೇಲೆ ಅಗಲವಾದ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಎಲ್ಲ ಸಾಮಾನೂ ಒಟ್ಟಿಗೆ, ಸಂತೆಯಿಂದ ಬಂದ ಚೀಲ ಸುರುವಿದ ಹಾಗೆ. ಗೆರೆ ಎಳೆಯಬೇಕೆಂದರೆ ಕೈ ಎಡಕ್ಕೆ ಹೋಗುತ್ತಿತ್ತು, ಅಲ್ಲಿ ಏನೂ ಇರುತ್ತಿರಲಿಲ್ಲ. ಅಳಿಸಬೇಕೆಂದರೆ ಬಲಕ್ಕೆ ಹೋಗುತ್ತಿತ್ತು, ಅಲ್ಲೂ ಇಲ್ಲ. ಪ್ರತಿ ಸಲ ಮೇಲೆ ನೋಡಿ ಹುಡುಕಬೇಕು. ಹುಡುಕುವಷ್ಟರಲ್ಲಿ ಏನು ಎಳೆಯುತ್ತಿದ್ದೆ ಎಂಬುದು ಮರೆಯುತ್ತಿತ್ತು. ಒಂದು ಕೋಣೆಗೆ ಒಂದು ಹಗಲು ಹಿಡಿಯಿತು.

ಆ ಅಗಲ ಪಟ್ಟಿಯನ್ನು ಮುಚ್ಚಿ ಸಣ್ಣ ಸಣ್ಣ ಪಟ್ಟಿಗಳನ್ನು ಹೊರಗೆ ತೆಗೆಯಬಹುದು ಎಂದು ಗೊತ್ತಾದದ್ದು ಆಕಸ್ಮಿಕವಾಗಿ, ಏನೋ ಒತ್ತಲು ಹೋಗಿ ಇನ್ನೇನೋ ಒತ್ತಿದಾಗ. ಪಟ್ಟಿಯ ತುದಿ ಹಿಡಿದು ಎಳೆದರೆ ಅದು ಕೈಯ ಜೊತೆ ಬರುತ್ತದೆ. ಅಂಚಿಗೆ ಒಯ್ದು ಬಿಟ್ಟರೆ ಅಲ್ಲಿಯೇ ಅಂಟಿಕೊಳ್ಳುತ್ತದೆ. ಗೆರೆ ಎಳೆಯುವ ಪಟ್ಟಿಯನ್ನು ಎಡಕ್ಕೆ ತಂದೆ. ಅಳಿಸುವ, ಕತ್ತರಿಸುವ ಪಟ್ಟಿಯನ್ನು ಬಲಕ್ಕೆ. ಅಳತೆಯದನ್ನು ಕೆಳಕ್ಕೆ. ಒಂದರ ಮೇಲೊಂದು ಪದರ ಇಡುವ ಪಟ್ಟಿ ಒಂದಿದೆ. ಗೋಡೆ ಒಂದು ಪದರ, ಬಾಗಿಲು ಒಂದು, ಅಳತೆ ಒಂದು. ಟ್ರೇಸಿಂಗ್ ಹಾಳೆಯ ಹಾಗೆಯೇ. ಅದನ್ನು ಮೇಲ್ಗಡೆ ಇಟ್ಟೆ. ಮೌಸ್ ಕೈಗೆ ತೆಗೆದುಕೊಂಡು, ಮೇಲೆ ನೋಡದೆ ಒಂದು ಗೋಡೆ ಎಳೆದೆ. ಬಂತು. ಆ ದಿನ ಮಧ್ಯಾಹ್ನದೊಳಗೆ ಮೂರು ಕೋಣೆ ಮುಗಿದವು.

ಸಂಜೆ ನಿಮ್ಮ ಅವ್ವ ಬಂದು ಕೂತಳು. ಅವಳಿಗೆ ಅಗಲ ಪಟ್ಟಿಯೇ ಬೇಕು. ಮೂಲೆಯ ಚಕ್ರ ಒತ್ತಿ ತನ್ನದನ್ನು ಆರಿಸಿಕೊಂಡಳು. ಮರುದಿನ ಬೆಳಿಗ್ಗೆ ತೆರೆದರೆ ನನ್ನದು ಇರಲಿಲ್ಲ. ಮತ್ತೆ ಒಂದೊಂದಾಗಿ ಎಳೆದು ಇಟ್ಟೆ. ಅದರ ಮರುದಿನವೂ ಹಾಗೇ.

ಅವಳು ಒತ್ತುವ ಚಕ್ರವನ್ನು ನಾನೂ ಒಂದು ದಿನ ಒತ್ತಿದೆ. ಈಗಿರುವ ಜೋಡಣೆಯನ್ನು ಉಳಿಸಿಡು ಎಂಬ ಅರ್ಥದ ಸಾಲೊಂದು ಅಲ್ಲಿತ್ತು. ಸೇವ್ ಅಂದರೆ ಏನೆಂದು ಆಗಲೇ ಗೊತ್ತಿತ್ತು. ಒತ್ತಿದೆ. ಒಂದು ಸಣ್ಣ ಚೌಕ ಬಂತು. ಅದರಲ್ಲಿ ಖಾಲಿ ಜಾಗ, ಖಾಲಿ ಜಾಗದಲ್ಲಿ ಮಿಣುಕುವ ಒಂದು ಗೆರೆ. ಹೆಸರು ಕೊಡಬೇಕಂತೆ.

ನಿಮಗೆ ಇದು ನಗೆ ತರಿಸಬಹುದು. ಆ ಜೋಡಣೆ ನಿಮ್ಮ ಅಜ್ಜನ ಟೇಬಲ್ಲಿನದು. ಹೆಸರು ಕೊಡುವುದಾದರೆ ಅವರದನ್ನೇ ಕೊಡಬೇಕು. ನಾವು ಗಂಡನ ಹೆಸರು ಹೇಳುವುದಿಲ್ಲ. ಮದುವೆ, ಬಸುರಿಯರ ಕುಬಸದಂಥ ಕಾರ್ಯಗಳಲ್ಲಿ ಹೆಂಗಸರೆಲ್ಲ ಸೇರಿ ಒತ್ತಾಯ ಮಾಡಿದರೆ ಒಡಪು ಕಟ್ಟಿ, ಅಂದರೆ ಪ್ರಾಸದ ಎರಡು ಸಾಲಿನ ನಡುವೆ ಸೇರಿಸಿ, ಒಮ್ಮೆ ಹೇಳಿ ಮುಖ ಮುಚ್ಚಿಕೊಳ್ಳುತ್ತಿದ್ದೆವು. ನಾನು ಎರಡೇ ಸಲ ಹೇಳಿದ್ದೇನೆ. ಬರೆದದ್ದಂತೂ ಇಲ್ಲವೇ ಇಲ್ಲ. ಬ್ಯಾಂಕಿನಲ್ಲಿ ಪತಿಯ ಹೆಸರು ಕೇಳಿದರೆ ರೇಷನ್ ಕಾರ್ಡನ್ನು ಕಿಟಕಿಯೊಳಗೆ ಸರಿಸುತ್ತಿದ್ದೆ, ಅವರೇ ನೋಡಿ ಬರೆದುಕೊಳ್ಳುತ್ತಿದ್ದರು. ಕಂಪ್ಯೂಟರಿನೊಳಗೆ ಕಾರ್ಡು ಸರಿಸಲು ಆಗುವುದಿಲ್ಲ. ಬೇರೆ ಯಾವುದಾದರೂ ಹೆಸರು ಹಾಕಿದರೆ ಅವರ ವಸ್ತುವಿಗೆ ಬೇರೆಯವರ ಹೆಸರು ಹಾಕಿದ ಹಾಗೆ. ಕ್ಯಾನ್ಸಲ್ ಒತ್ತಿದೆ.

ಶ್ರಾವಣದಿಂದ ಯುಗಾದಿಯವರೆಗೆ ದಿನವೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದು ಪಟ್ಟಿಗಳನ್ನು ಜೋಡಿಸಿದೆ. ಪೂಜೆಗೆ ಹತ್ತು ನಿಮಿಷ, ಪಟ್ಟಿಗೆ ಇಪ್ಪತ್ತು ನಿಮಿಷ. ಬೇಸರವಾಗಲಿಲ್ಲ. ಟೇಬಲ್ ಒರೆಸಿದ ಹಾಗೆಯೇ ಅನ್ನಿಸುತ್ತಿತ್ತು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನಿಮ್ಮ ಅವ್ವ ಹುಕ್ಕೇರಿಯ ಒಂದು ಸುದ್ದಿ ತಂದಳು. ಅಲ್ಲಿ ಅವಳಿಗೆ ಪರಿಚಯದ ಒಬ್ಬ ಇಂಜಿನಿಯರ್ ಇದ್ದರು. ಅವರ ಆಫೀಸಿನಲ್ಲಿ ಹಳೆಯ ಕಾಲದ ಟ್ರೇಸಿಂಗ್ ಹಾಳೆಗಳ ಗಂಟುಗಳೇ ಇದ್ದವು. ಸುತ್ತಲಿನ ಊರುಗಳ ಮನೆಗಳವು, ಬೇರೆ ಬೇರೆಯವರು ಬರೆದು ಅಲ್ಲಿಗೆ ಬಂದು ಸೇರಿದವು. ಜನ ಈಗ ಮನೆಯ ಮೇಲೆ ಮಾಳಿಗೆ ಏರಿಸುವಾಗ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಹಳೆಯ ನಕ್ಷೆ ಕೇಳುತ್ತಾರೆ. ಹಾಳೆಗಳು ಹರಿಯತೊಡಗಿದ್ದವು. ಅವನ್ನೆಲ್ಲ ನೋಡಿ ಕಂಪ್ಯೂಟರಿನಲ್ಲಿ ಮತ್ತೆ ಬರೆಯಲು ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಒಬ್ಬರು ಬೇಕಿತ್ತು. ಹುಡುಗರಿಗೆ ಹಳೆಯ ಹಾಳೆ ಓದಲು ಬರುವುದಿಲ್ಲ ಎಂದು ಅವರು ಹೇಳಿದ್ದರಂತೆ. ನಿಮ್ಮ ಅವ್ವ ನನ್ನ ಬಗ್ಗೆ ಹೇಳಿದ್ದಳು. ಸೋಮವಾರ ಬಂದು ಹನ್ನೊಂದರಿಂದ ಊಟದ ಹೊತ್ತಿನವರೆಗೆ ಒಂದು ಹಾಳೆ ಬರೆದು ತೋರಿಸಲಿ, ಮುಗಿದರೆ ಕೆಲಸ ಅವರಿಗೇ ಎಂದಿದ್ದರು.

ಆ ಕೆಲಸ ನನಗೆ ಬೇಕಾಗಿತ್ತು. ಏಕೆ ಎಂದು ಆಗ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಬರೆದರೆ ಅದು ಸೊಸೆಗೆ ಮಾಡಿದ ಸಹಾಯ. ಅಲ್ಲಿ ಹೋಗಿ ಬರೆದರೆ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿ, ಒಂದು ಕುರ್ಚಿಯಲ್ಲಿ ಕೂತು, ಚಪ್ಪಲಿಯ ಸದ್ದಾದರೂ ಏಳದೆ ಬರೆಯುವುದು ಹೇಗಿರುತ್ತದೆ ಎಂದು ನೋಡಬೇಕಾಗಿತ್ತು. ಅರವತ್ತು ದಾಟಿತ್ತು. ಇದು ಹೋದರೆ ಇನ್ನೊಂದು ಬರುವ ಹಾಗಿರಲಿಲ್ಲ.

ಹೋಗುವ ಮುಂಚಿನ ಶನಿವಾರ ನಿಮ್ಮ ಅವ್ವ ಮೂಡಲಗಿಗೆ ಹೋಗಿರಲಿಲ್ಲ. ಬೆಳಿಗ್ಗೆ ಚಹಾದ ಲೋಟ ಹಿಡಿದು ಬಂದು ನನ್ನ ಹಿಂದೆ ನಿಂತಳು. ನಾನು ಪಟ್ಟಿ ಎಳೆಯುತ್ತಿದ್ದೆ. ಒಂದು ಎಳೆದೆ, ಎರಡು ಎಳೆದೆ. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ಅತ್ತಿ, ದಿನಾ ಹಿಂಗ ಜೋಡಿಸಿಕೋತ ಕೂಡ್ತೀರೇನ್ರಿ?"

ಹೂಂ ಎಂದೆ.

"ನಾ ನೀವು ಪೂಜಿಗೆ ಭಾಳ ಹೊತ್ತ ತಗೋತೀರಿ ಅಂತ ಮಾಡಿದ್ದೆ. ಒಮ್ಮೆ ಸೇವ್ ಮಾಡಿದ್ರ ಮುಗೀತಲ್ರಿ."

"ಅದು ಹೆಸರ ಕೇಳತೈತಿ."

"ಕೇಳಿದ್ರ ಕೊಡ್ರಿ. ಅದೇನ ಹೆಣ್ಣ ನೋಡಾಕ ಬಂದೈತೇನು, ನಾಚಾಕ?"

ಆ ಜೋಡಣೆ ಯಾರದೆಂದು ಹೇಳಿದೆ. ಎಡಕ್ಕೆ ಪೆನ್ನು, ಬಲಕ್ಕೆ ಬ್ಲೇಡು ಎಂದು ತೋರಿಸಿದೆ. ಟೇಬಲ್ ಹೇಗಿತ್ತೆಂದು ಅವಳಿಗೆ ಅಷ್ಟು ನೆನಪಿರಲಿಲ್ಲ, ಅವಳು ಬರುವ ಹೊತ್ತಿಗೆ ಅದು ಅಟ್ಟಕ್ಕೆ ಹೋಗುವುದರಲ್ಲಿತ್ತು. ಹಾಗಾದರೆ ಮಾವನವರ ಹೆಸರನ್ನು ತಾನೇ ಹೊಡೆದು ಕೊಡುತ್ತೇನೆ ಎಂದಳು. ಬೇಡವೆಂದೆ. ಹೊಡೆಯುವವಳು ಅವಳಾದರೂ ದಿನ ಬೆಳಗಾದರೆ ಆ ಹೆಸರಿನ ಮೇಲೆ ಬೆರಳಿಟ್ಟು ಒತ್ತುವವಳು ನಾನಲ್ಲವೇ.

"ಹಂಗಾರ ಕಂಪ್ಯೂಟರಿಗೆ ಒಂದ್ ಒಡಪ ಕಟ್ಟಿ ಹೇಳ್ರಿ, ನಾನೂ ಕೇಳ್ತೇನಿ" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನಂತರ ಬೇರೆ ದನಿಯಲ್ಲಿ ಒಂದು ಮಾತು ಹೇಳಿದಳು: ಸೇವ್ ಮಾಡಿದ ಜೋಡಣೆಯನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹುಕ್ಕೇರಿಯ ಕಂಪ್ಯೂಟರಿಗೂ ಒಯ್ಯಬಹುದು, ಆದರೆ ಹೆಸರಿಲ್ಲದ್ದನ್ನು ಒಯ್ಯಲು ಬರುವುದಿಲ್ಲ. ಅಲ್ಲಿಯೂ ಇಪ್ಪತ್ತು ನಿಮಿಷದಲ್ಲಿ ಜೋಡಿಸಿಕೊಂಡರಾಯಿತು ಎಂದೆ. ಅವಳು ಲೋಟ ತೆಗೆದುಕೊಂಡು ಎದ್ದು ಹೋದಳು. ಅದು ನನ್ನ ಹಟ. ಅವಳು ಇನ್ನೊಮ್ಮೆ ಹೇಳಿದ್ದರೆ ಕೇಳುತ್ತಿದ್ದೆನೋ ಏನೋ. ಅವಳು ಹೇಳಲಿಲ್ಲ.

ಸೋಮವಾರ ಘಟಪ್ರಭಾ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ಹುಕ್ಕೇರಿಗೆ ಹೋದೆ. ಒಬ್ಬಳೇ ಹೋದದ್ದು ಅದೇ ಮೊದಲು. ಇಂಜಿನಿಯರರು ನಿಮ್ಮಪ್ಪನ ವಯಸ್ಸಿನವರು. ಬಾಗಿಲಲ್ಲಿ ನಿಂತದ್ದನ್ನು ಕಂಡು, "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಕುರ್ಚಿ ತೋರಿಸಿದರು. ಒಂದು ಟ್ರೇಸಿಂಗ್ ಹಾಳೆಯನ್ನು ಟೇಬಲ್ಲಿನ ಮೇಲೆ ಬಿಡಿಸಿ ನಾಲ್ಕು ಮೂಲೆಗೆ ಕಲ್ಲು ಇಟ್ಟರು. ಹಾಳೆಯ ಮೇಲೆ ಇದ್ದದ್ದು ಇದ್ದ ಹಾಗೆಯೇ ಬರಬೇಕು, ಕೆಳಗಿನ ಚೌಕಗಳೂ ಸೇರಿ ಎಂದರು. ಕಂಪ್ಯೂಟರ್ ತೆರೆದು ಕೊಟ್ಟರು.

ಅದರ ಪಟ್ಟಿಗಳು ಇನ್ನೊಂದು ರೀತಿಯಲ್ಲಿದ್ದವು. ಎಲ್ಲ ಮೇಲೆ ಎರಡು ಸಾಲು, ಅಳತೆಯದು ಬಲಕ್ಕೆ. ನಾನು ಒಂದರ ತುದಿಗೆ ಮೌಸ್ ಒಯ್ದದ್ದನ್ನು ಅವರು ನೋಡಿದರು.

"ಅಕ್ಕಾರ, ಪಟ್ಟಿ ಒಂದೂ ಸರಸಬ್ಯಾಡ್ರಿ. ಮಿಕ್ಕಿದ ದಿನಾ ಇಲ್ಲಿ ಕೂಡಾಕಿ ಒಬ್ಬಾಕಿ ಇದಾಳ್ರಿ. ನಾಳೆ ಬಂದು ನೋಡಿದ್ಲಂದ್ರ ನನ್ನ ಜೀವಾ ತಿಂತಾಳ."

ಆಗಲಿ ಎಂದೆ. ಕೇಳಿದ್ದರೆ ಏನಾದರೂ ದಾರಿ ಹೇಳುತ್ತಿದ್ದರು. ಕೇಳಲು ಬಾಯಿ ಬರಲಿಲ್ಲ.

ಬೇರೆಯವರ ಅಡುಗೆಮನೆಯಲ್ಲಿ ಉಪ್ಪು ಹುಡುಕುವ ಹಾಗೆ ಆಯಿತು. ಎಡಕ್ಕೆ ಹೋದ ಕೈಯನ್ನು ಹಿಂದಕ್ಕೆ ತರಬೇಕು, ಮೇಲೆ ನೋಡಬೇಕು, ಹುಡುಕಬೇಕು. ಹೊರಗಿನ ಗೋಡೆಗಳು ಬಂದವು. ನಡುಮನೆ ಬಂತು. ಗೋಡೆಯ ಗಡಿಯಾರ ನನಗಿಂತ ಬೇಗ ನಡೆಯುತ್ತಿತ್ತು. ಹನ್ನೆರಡೂವರೆಯ ಹೊತ್ತಿಗೆ ಅಡುಗೆಮನೆಯ ಗೋಡೆಗೆ ಬಂದೆ. ಅಲ್ಲಿ ಹಾಳೆ ಸ್ವಲ್ಪ ಒರಟಾಗಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ. ಯಾರೋ ಶಾಯಿ ಕೆರೆದು ತೆಗೆದ ಗುರುತು. ಅಲ್ಲಿಂದ ಅಳಿಸಿದ ಬಾಗಿಲನ್ನು ಬಾಜೂ ಗೋಡೆಗೆ ಹಾಕಲಾಗಿತ್ತು.

ಆಮೇಲೆ ಗೆರೆಗಳನ್ನು ನೋಡಿದೆ. ಪ್ರತಿ ಗೆರೆಯ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆ. ಪೆನ್ನು ಎತ್ತುವ ಮುಂಚೆ ಒಂದು ಕ್ಷಣ ನಿಲ್ಲಿಸುವುದು ನನ್ನ ಅಭ್ಯಾಸ. ನಿಲ್ಲಿಸದಿದ್ದರೆ ನೀಲಿ ಪ್ರತಿಯಲ್ಲಿ ಗೆರೆಯ ತುದಿ ತೇಲಿಹೋಗುತ್ತಿತ್ತು. ಕೆಳಗಿನ ಚೌಕದ ಕಡೆ ಅಲ್ಲಿಯವರೆಗೆ ಕಣ್ಣು ಹೋಗಿರಲಿಲ್ಲ. ಹೋಯಿತು. 'ಬರೆದವರು' ಎಂಬಲ್ಲಿ ನಿಮ್ಮ ಅಜ್ಜನ ಹೆಸರು, ಅವರ ಕೈಯ ಅಕ್ಷರದಲ್ಲಿ. ಮನೆ ಮೂಡಲಗಿಯದು.

ಆ ದಿನ ನೆನಪಾಯಿತು. ಹಾಲು ಉಕ್ಕಿದ ವಾಸನೆ ಬಂದು ನಡುವೆ ಎದ್ದು ಹೋಗಿದ್ದೆ. ಮರಳಿ ಬಂದು ಬಾಗಿಲನ್ನು ತಪ್ಪು ಗೋಡೆಗೆ ಎಳೆದಿದ್ದೆ. ಅವರು ಬಂದು ನೋಡಿ ಬೈಯಲಿಲ್ಲ. ತಾವೇ ಕೆರೆದು ತೆಗೆಯುತ್ತೇನೆಂದು ಟೇಬಲ್ಲಿನ ಮೇಲೆಲ್ಲ ಕೈಯಾಡಿಸಿದರು. ಪೆನ್ನಿನ ಕಡೆ ನೋಡಿದರು, ಸುರುಳಿಯ ಕೆಳಗೆ ನೋಡಿದರು. ಕೊನೆಗೆ, "ಬ್ಲೇಡ್ ಎಲ್ಲಿಟ್ಟಿ?" ಎಂದು ನನ್ನನ್ನು ಕೇಳಿದರು. ಬ್ಲೇಡು ಅವರ ಬಲಗೈ ಹತ್ತಿರವೇ ಇತ್ತು. ದಿನವೂ ಇರುವ ಜಾಗದಲ್ಲಿ.

ಅವರು ಅಂದು ಮಾತ್ರವಲ್ಲ, ಯಾವಾಗಲೂ ಹಾಗೆ ಕೇಳುತ್ತಿದ್ದರು. ಅಳತೆಪಟ್ಟಿ ಎಲ್ಲಿ, ರಬ್ಬರ್ ಎಲ್ಲಿ. ಸಂಜೆ ಅವರು ಎದ್ದ ಮೇಲೆ ಟೇಬಲ್ ನೋಡಿದರೆ ಕೋಳಿ ಕೆದರಿದ ಹಾಗಿರುತ್ತಿತ್ತು. ಬೆಳಿಗ್ಗೆ ನಾನು ಮತ್ತೆ ಇಡುತ್ತಿದ್ದೆ, ನನ್ನ ಕೈಗೆ ಸಿಗುವ ಹಾಗೆ. ಶಾಯಿಯ ಕೆಲಸ ನನ್ನದಾಗಿತ್ತಲ್ಲ. ಅಷ್ಟು ವರ್ಷ ಇಟ್ಟವಳು ನಾನು, ಅವರ ಟೇಬಲ್ ಅನ್ನುತ್ತಲೇ ಇದ್ದೆ.

ಊಟದ ಹೊತ್ತಾಯಿತು. ಇಂಜಿನಿಯರರು ಬಂದು ಪರದೆ ನೋಡಿದರು, ಹಾಳೆ ನೋಡಿದರು. "ಗೆರಿ ಚೊಲೊ ಅದಾವ್ರಿ" ಎಂದರು. ಅರ್ಧ ಮಾತ್ರ ಆಗಿದೆ, ಹೀಗಾದರೆ ಈ ಗಂಟುಗಳು ಮುಗಿಯುವುದು ಕಷ್ಟ ಎಂದು ಸಂಕೋಚದಿಂದಲೇ ಹೇಳಿದರು. ಚಹಾ ತರಿಸುತ್ತೇನೆಂದರು. ಅದು ಕಳಿಸಿಕೊಡುವ ಚಹಾ ಎಂದು ನನಗೆ ತಿಳಿಯಿತು. ನಾನು ಚೀಲ ಕೈಗೆ ತೆಗೆದುಕೊಂಡೆ. ಎದ್ದೆ. ಬಾಗಿಲವರೆಗೆ ಹೋಗಿ ತಿರುಗಿ ನಿಂತೆ.

"ಸಾಹೇಬ್ರ, ಗುರುವಾರ ಇನ್ನೊಮ್ಮೆ ಬರ್ತೇನ್ರಿ. ನನ್ನ ಪಟ್ಟಿಗೋಳು ನನ್ನ ಜಾಗಾದಾಗ ಇದ್ರ ಊಟದೊಳಗ ಮುಗಿಸ್ತೇನ್ರಿ."

"ನಿಮ್ಮ ಪಟ್ಟಿ ಎಲ್ಲಿಂದ ತರ್ತೀರಿ?"

"ಮನ್ಯಾಗ ಅದಾವ್ರಿ."

ಮಿಕ್ಕಿದ ದಿನ ಕೂರುವ ಆಕೆಯ ಜೋಡಣೆಗೆ ಏನೂ ಆಗುವುದಿಲ್ಲ, ಚಕ್ರ ಒತ್ತಿದರೆ ಅವಳದು ಅವಳಿಗೆ ಎಂದೂ ಹೇಳಿದೆ. ಅಷ್ಟು ಉದ್ದ ಮಾತನ್ನು ಹೊರಗಿನವರ ಮುಂದೆ ನಾನು ಆಡಿದ್ದು ಕಡಿಮೆ. ಅವರು ಸ್ವಲ್ಪ ಯೋಚಿಸಿ, ಗುರುವಾರ ಒಂದು ದಿನ ನೋಡೋಣ ಎಂದರು. ಮನೆಯಲ್ಲಿ ಇವೆ ಎಂದು ನಾನು ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ಬಸ್ಸಿನಲ್ಲಿ ಘಟಪ್ರಭಾ ಬರುವವರೆಗೆ ಅದನ್ನೇ ಯೋಚಿಸುತ್ತಿದ್ದೆ.

ಗೋಕಾಕಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ನಿಮ್ಮ ಅವ್ವ ಮೂಡಲಗಿಯಿಂದ ಬೇಗ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದಳು. ಏನಾಯಿತೆಂದು ಕೇಳಿದಳು. ಹೇಳದೆ, ಸ್ವಲ್ಪ ಏಳು ಎಂದೆ. ನಾನು ಅವಳನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ಅದೇ ಮೊದಲು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಪಟ್ಟಿಗಳನ್ನು ಒಂದೊಂದಾಗಿ ಎಳೆದು ಇಟ್ಟೆ. ಚಕ್ರ ಒತ್ತಿದೆ. ಚೌಕ ಬಂತು, ಗೆರೆ ಮಿಣುಕಿತು. ನನ್ನ ಹೆಸರನ್ನು ಒಂದೇ ಬೆರಳಿನಿಂದ ಹೊಡೆದೆ. ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಹೊಡೆದೆ. ಸೇವ್ ಒತ್ತಿದೆ.

ನಿಮ್ಮ ಅವ್ವ ಹಿಂದೆ ನಿಂತು ನೋಡುತ್ತಿದ್ದಳು.

"ಅದು ಮಾವಾರ ಟೇಬಲ್ ಅಂತಿದ್ರಲ್ರಿ, ಅತ್ತಿ."

"ಟೇಬಲ್ ಅವರದು. ಇಡಾಕಿ ನಾ ಇದ್ದೆ."

ಅವಳು ತನ್ನ ಚೀಲದಿಂದ ಪೆನ್ ಡ್ರೈವ್ ತೆಗೆದು ಜೋಡಣೆಯನ್ನು ಅದರಲ್ಲಿ ಹಾಕಿದಳು. ಅಲ್ಲಿ ಹೇಗೆ ತೆರೆಯಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಮರುದಿನ ಬೆಳಿಗ್ಗೆ ಚಕ್ರ ಒತ್ತಿ ನನ್ನ ಹೆಸರು ಒತ್ತಿದೆ. ಎಲ್ಲ ಬಂದು ಕೂತವು. ಉಳಿದ ಇಪ್ಪತ್ತು ನಿಮಿಷ ಏನು ಮಾಡಬೇಕೆಂದು ತಿಳಿಯದೆ ಎರಡನೆಯ ಸಲ ಚಹಾ ಮಾಡಿದೆ.

ಗುರುವಾರ ಇಂಜಿನಿಯರರು ಚೀಟಿ ಓದುತ್ತ ಪೆನ್ ಡ್ರೈವ್ ಹಾಕಿಕೊಟ್ಟರು. ಮೊದಲ ಸಲ ಏನೂ ಬರಲಿಲ್ಲ. ಎರಡನೆಯ ಸಲ ಯಾದಿಯಲ್ಲಿ ನನ್ನ ಹೆಸರು ಬಂತು. ಅವರು ಅದನ್ನು ಗಟ್ಟಿಯಾಗಿ ಓದಿ, ನಿಮ್ಮದೇನ್ರಿ ಎಂದು ಕೇಳಿದರು. ನನ್ನದೇ ಎಂದೆ. ಅದೇ ಹಾಳೆಯನ್ನು ಹೊಸದಾಗಿ ಮೊದಲಿನಿಂದ ಬರೆದೆ. ನಡುವೆ ಇಬ್ಬರು ಮೂವರು ಬಂದು ಹೋದರು. ಚಪ್ಪಲಿಯ ಸದ್ದು ಕೇಳಿ ಒಮ್ಮೆ ಅರ್ಧ ಎದ್ದು, ಮತ್ತೆ ಕೂತೆ. ಊಟಕ್ಕೆ ಇನ್ನೂ ಸಮಯವಿರುವಾಗ ಮುಗಿಯಿತು.

ಇಂಜಿನಿಯರರು ಹಾಳೆಯ ಮೇಲೆ ಬೆರಳು ಓಡಿಸುತ್ತ ಒಂದೊಂದನ್ನೂ ಹೋಲಿಸಿದರು. ಅಡುಗೆಮನೆಯ ಬಾಗಿಲು ಸರಿಯಾದ ಗೋಡೆಯಲ್ಲಿತ್ತು. ಕೆಳಗಿನ ಚೌಕಗಳಿಗೆ ಬಂದು ನಿಂತರು.

"ಇದೊಂದ ಖಾಲಿ ಬಿಟ್ಟೀರಲ್ರಿ, ಅಕ್ಕಾರ."

"ಅದನ್ನ ನೀವ ಬರೀರಿ ಸಾಹೇಬ್ರ. ನಮ್ಮ ಮನಿಯವರು ಅವರು."

ಅವರು ನನ್ನನ್ನು ಒಮ್ಮೆ ನೋಡಿದರು, ಹಾಳೆಯನ್ನು ಒಮ್ಮೆ ನೋಡಿದರು. ಬಗ್ಗಿ ಹೆಸರು ಹೊಡೆದರು. "ಏನ್ ಗೆರಿ ಇದ್ದೂವ್ರಿ ಅವರವು" ಎಂದರು. ಅವರ ಆಫೀಸಿನ ಹೊಸ ನಕ್ಷೆಗಳಲ್ಲಿ 'ಬರೆದವರು' ಎಂಬುದರ ಕೆಳಗೆ ಇನ್ನೊಂದು ಚೌಕ ಇರುತ್ತದೆ, ಮರುಬರೆದವರು ಎಂದು. ಅದನ್ನು ನೀವೇ ತುಂಬಿರಿ ಎಂದು ಮೌಸ್ ನನ್ನ ಕಡೆ ಸರಿಸಿದರು. ತುಂಬಿದೆ. ಆ ವಾರದಲ್ಲಿ ಎರಡನೆಯ ಸಲ ಹೊಡೆದದ್ದರಿಂದ ಅಕ್ಷರ ತಪ್ಪಲಿಲ್ಲ.

ಅಂದಿನಿಂದ ಸೋಮವಾರ, ಗುರುವಾರ ಹುಕ್ಕೇರಿಗೆ ಹೋಗುತ್ತೇನೆ. ಮಿಕ್ಕಿದ ದಿನ ಕೂರುವ ಆಕೆಯನ್ನು ನಾನು ಇನ್ನೂ ನೋಡಿಲ್ಲ. ಯಾದಿಯಲ್ಲಿ ಅವಳ ಹೆಸರು ಮೇಲಿದೆ, ನನ್ನದು ಕೆಳಗಿದೆ. ಗಂಟುಗಳಲ್ಲಿ ಇಲ್ಲಿಯವರೆಗೆ ತುದಿಗೆ ಚುಕ್ಕೆ ಇರುವ ಹಾಳೆಗಳು ಏಳು ಸಿಕ್ಕಿವೆ, ಅವುಗಳ 'ಬರೆದವರು' ಚೌಕವನ್ನು ಸಾಹೇಬರೇ ತುಂಬುತ್ತಾರೆ. ಆ ಗೆರೆಗಳು ಯಾರವು ಎಂದು ಅವರಿಗೆ ನಾನು ಹೇಳಿಲ್ಲ. ಹೇಳುವ ಅಗತ್ಯವೂ ಬಿದ್ದಿಲ್ಲ. ನೀವು ಕೇಳಿದಿರಿ, ಅದಕ್ಕೆ ನಿಮಗೆ ಬರೆದೆ.